ಹಕ್ಕಿ ಫೋಟೋಗೆ ಪೇಂಟಿಂಗ್ ಫಿಲ್ಟರ್ ಹಾಕಿಸುವ ಮುಂಚೆ ಇದನ್ನು ಓದಿ

ಫೋಟೋ ಕೊಟ್ಟರೆ ಆಯಿಲ್ ಪೇಂಟಿಂಗ್ ಥರ ಮಾಡಿ, ಕ್ಯಾನ್ವಾಸ್ ಮೇಲೆ ಪ್ರಿಂಟ್ ಹಾಕಿ ಕೊಡುವ ಅಂಗಡಿಗಳು ಈಗ ಎಲ್ಲ ಕಡೆ ಇವೆ. ಅಂಥ ಒಂದು ಅಂಗಡಿಗೆ ನವರಂಗ ಎಂಬ ಹಕ್ಕಿಯ ಫೋಟೋ ಕೊಟ್ಟಿದ್ದೆ. ಅಕ್ಕನ ಮನೆಯ ಗೃಹಪ್ರವೇಶಕ್ಕೆ ಉಡುಗೊರೆ. ಬಂದ ಪ್ರಿಂಟಿನಲ್ಲಿ ಹಕ್ಕಿಗೆ ಕಣ್ಣೇ ಇರಲಿಲ್ಲ.

ನವರಂಗ ನೋಡಿದವರಿಗೆ ಗೊತ್ತು, ಅದರ ಮುಖದ ಮೇಲೆ ಕೊಕ್ಕಿನಿಂದ ಕತ್ತಿನ ತನಕ ದಪ್ಪ ಕಪ್ಪು ಪಟ್ಟಿ ಇರುತ್ತದೆ. ಕಣ್ಣು ಆ ಪಟ್ಟಿಯೊಳಗೇ ಇದೆ, ಅದೂ ಕಡು ಬಣ್ಣದ್ದೇ. ಫೋಟೋದಲ್ಲಿ ಕಣ್ಣು ಕಾಣುವುದು ಅದರೊಳಗೆ ಹೊಳೆಯುವ ಸಣ್ಣ ಬೆಳಕಿನ ಚುಕ್ಕೆಯಿಂದ. ಆಯಿಲ್ ಪೇಂಟ್ ಫಿಲ್ಟರ್ ಏನು ಮಾಡುತ್ತದೆ? ಅಕ್ಕಪಕ್ಕದ ಪಿಕ್ಸೆಲ್‌ಗಳನ್ನು ನೋಡಿ, ಅಲ್ಲಿ ಯಾವ ಬಣ್ಣ ಜಾಸ್ತಿ ಇದೆಯೋ ಅದನ್ನೇ ಬಳಿಯುತ್ತದೆ. ಸುತ್ತ ಎಲ್ಲ ಕಪ್ಪು, ನಡುವೆ ನಾಲ್ಕಾರು ಬಿಳಿ ಪಿಕ್ಸೆಲ್. ಕಪ್ಪೇ ಉಳಿಯಿತು. ಕಣ್ಣಿನ ಮೇಲಿನ ತೆಳು ಬಿಳಿ ಗೆರೆಯೂ ಹೋಯಿತು. ಬಾಲದ ಬುಡದ ಕೆಂಪು ತರಗೆಲೆಯ ಬಣ್ಣಕ್ಕೆ ಸೇರಿಹೋಯಿತು. ಒಂಬತ್ತು ಬಣ್ಣದ ಹಕ್ಕಿ ಅದು! ನೋಡಿ ಹೊಟ್ಟೆ ಉರಿಯಿತು.

ಇನ್ನೊಂದು ತೊಂದರೆ ನಾಯ್ಸ್. ನವರಂಗ ಮರದ ನೆರಳಲ್ಲಿ, ನೆಲದ ಮೇಲೆ ತರಗೆಲೆ ಕೆದಕಿಕೊಂಡು ಓಡಾಡುವ ಹಕ್ಕಿ. ನಂದಿ ಬೆಟ್ಟದಲ್ಲಿ ತೆಗೆದ ಫೋಟೋ, ಐಎಸ್ಒ (ಬೆಳಕಿಗೆ ಕ್ಯಾಮೆರಾದ ಸೂಕ್ಷ್ಮತೆ) 3200. ಈ ಬೆಳಕಿನಲ್ಲಿ ಕಾಳುಕಾಳು ನಾಯ್ಸ್ ಬಂದೇ ಬರುತ್ತದೆ. ಅದನ್ನು ಮೊದಲು ಕಮ್ಮಿ ಮಾಡದೆ ಫಿಲ್ಟರ್ ಓಡಿಸಿದ್ದರು. ನಾಯ್ಸ್ ಎಲ್ಲ ಕುಂಚದ ಗೆರೆಯಾಗಿ, ಎದೆಯ ಮೇಲೆ ಹುಳ ಹರಿದಾಡಿದ ಹಾಗೆ ಕಾಣುತ್ತಿತ್ತು.

ಪ್ರಿಂಟ್ ಮಾಡುವ ಮುಂಚೆ ವಾಟ್ಸಾಪ್‌ನಲ್ಲಿ ಸ್ಯಾಂಪಲ್ ಕಳಿಸಿದ್ದರು. ಮೊಬೈಲ್ ಪರದೆಯಲ್ಲಿ ಚೆನ್ನಾಗಿಯೇ ಕಾಣುತ್ತಿತ್ತು. ಎಚ್ಚರ ಇರಬೇಕಾದ್ದು ಇಲ್ಲೇ. ಅಂಗೈಯಗಲದಲ್ಲಿ ಯಾವ ಫಿಲ್ಟರ್ ಆದರೂ ಸುಂದರವಾಗಿಯೇ ಕಾಣುತ್ತದೆ. ಆಮೇಲೆ ಜಗಳ ಮಾಡಿ ಅವರು ಪ್ರಿಂಟ್‌ಗೆ ಬಳಸಿದ ಫೈಲ್ ತರಿಸಿಕೊಂಡೆ. ನಾನು ಕೊಟ್ಟಿದ್ದು 6000 ಪಿಕ್ಸೆಲ್ ಅಗಲದ್ದು. ಅವರ ಫೈಲ್ ಬರೀ 1600. ಅದನ್ನು 30 ಇಂಚಿಗೆ ಎಳೆದರೆ ಒಂದು ಇಂಚಿಗೆ 53 ಪಿಕ್ಸೆಲ್ ಬೀಳುತ್ತದೆ. ಗೋಡೆ ಮೇಲಿನ ಕ್ಯಾನ್ವಾಸ್‌ಗೂ 150 ಆದರೂ ಬೇಕಲ್ವಾ? ಕೇಳಿದ್ದಕ್ಕೆ, "ಪೇಂಟಿಂಗ್ ಅಂದ್ರೆ ಹೀಗೇ ಸಾರ್, ಕಸ್ಟಮ್ ಆರ್ಡರ್‌ಗೆ ದುಡ್ಡು ವಾಪಸ್ ಇಲ್ಲ" ಅಂದರು.

ಫಿಲ್ಟರ್ ಬೇಡವೇ ಬೇಡ ಎನ್ನುತ್ತಿಲ್ಲ. ರಂಗನತಿಟ್ಟಿನಲ್ಲಿ ಮರದ ತುಂಬ ಕೂತ ಬಣ್ಣದ ಕೊಕ್ಕರೆಗಳು, ನೀರಿನಲ್ಲಿ ನೆರಳು ಬಿದ್ದ ಬೆಳ್ಳಕ್ಕಿ, ಇಂಥ ದೊಡ್ಡ ಆಕಾರದ ಚಿತ್ರಗಳಿಗೆ ಅದು ಒಪ್ಪುತ್ತದೆ. ಸಣ್ಣ ಹಕ್ಕಿಯ ಹತ್ತಿರದ ಫೋಟೋಗೆ ಹಾಕಿಸುವುದಾದರೆ ಕಣ್ಣು, ಕೊಕ್ಕು, ಕಾಲಿನ ಮೇಲೆ ಫಿಲ್ಟರ್ ಬೀಳದ ಹಾಗೆ ಮಾಸ್ಕ್ ಮಾಡಲು ಹೇಳಿ. ಆಗಲ್ಲ ಅಂದರೆ ಅಲ್ಲಿಂದ ಎದ್ದು ಬನ್ನಿ. ಪ್ರಿಂಟ್ ಎಷ್ಟು ದೊಡ್ಡದೋ ಅಷ್ಟೇ ದೊಡ್ಡ ಫೈಲ್ ಈಮೇಲ್‌ನಲ್ಲಿ ತರಿಸಿ, ಕಂಪ್ಯೂಟರಿನಲ್ಲಿ 100% ಅಳತೆಯಲ್ಲಿ ಕಣ್ಣನ್ನು ನೋಡಿ. ಮನೆಯಲ್ಲೇ ಮಾಡಿಕೊಳ್ಳುವವರಿಗೆ ಜಿಂಪ್ ಎಂಬ ಫೋಟೋ ತಿದ್ದುವ ಸಾಫ್ಟ್‌ವೇರ್ ಪುಕ್ಕಟೆ ಸಿಗುತ್ತದೆ. ಅದರಲ್ಲಿ ಆಯಿಲಿಫೈ ಎಂಬ ಫಿಲ್ಟರ್ ಇದೆ. ಫೋಟೋದ ಲೇಯರನ್ನು (ಪದರವನ್ನು) ಕಾಪಿ ಮಾಡಿ, ಮೇಲಿನದಕ್ಕೆ ಆಲ್ಫಾ ಚಾನೆಲ್ ಸೇರಿಸಿ (ಇಲ್ಲದಿದ್ದರೆ ಅಳಿಸಿದ ಜಾಗ ಪಾರದರ್ಶಕ ಆಗುವುದಿಲ್ಲ), ಫಿಲ್ಟರನ್ನು ಅದಕ್ಕೆ ಮಾತ್ರ ಹಾಕಿ, ಕಣ್ಣಿನ ಜಾಗ ಅಳಿಸಿದರೆ ಕೆಳಗಿನ ನಿಜವಾದ ಕಣ್ಣು ಕಾಣುತ್ತದೆ. ಬೇರೆ ಹೆಸರಿನಲ್ಲಿ ಸೇವ್ ಮಾಡಿ, ಮೂಲ ಫೈಲ್ ಮುಟ್ಟಬೇಡಿ.

ಫಿಲ್ಟರ್ ಹಾಕಿದ ಫೋಟೋವನ್ನು, ಜನ ತಾವು ಕಂಡ ಹಕ್ಕಿಗಳನ್ನು ದಾಖಲಿಸುವ ಜಾಲತಾಣವಾದ ಇಬರ್ಡ್‌ಗೆ ಮಾತ್ರ ದಯವಿಟ್ಟು ಏರಿಸಬೇಡಿ. ಎಲೆ ಉಲಿಯಕ್ಕಿಗಳಂಥ ಪುಟ್ಟ ಹಕ್ಕಿಗಳನ್ನು ಗುರುತಿಸಲು ರೆಕ್ಕೆಯ ಮೇಲಿನ ತೆಳು ಪಟ್ಟಿಯನ್ನೇ ನೋಡಬೇಕಾಗುತ್ತದೆ. ಫಿಲ್ಟರ್ ಮೊದಲು ನುಂಗುವುದು ಅಂಥ ಗೆರೆಗಳನ್ನೇ. ತಪ್ಪು ಹೆಸರು ದಾಖಲಾದರೆ ಆ ಜಾಗದ ಹಕ್ಕಿಗಳ ಲೆಕ್ಕವೇ ಕೆಡುತ್ತದೆ.

ಅಂಗಡಿಗೆ ಕೊಡುವಾಗ ಅಳತೆ, ಪಿಕ್ಸೆಲ್, ಯಾವ ಥರದ ಫಿಲ್ಟರ್ ಎಂಬುದನ್ನೆಲ್ಲ ಬಿಲ್ಲಿನಲ್ಲೇ ಬರೆಸಿಕೊಳ್ಳಿ. ಮೋಸ ಆದರೆ ಗ್ರಾಹಕರ ಸಹಾಯವಾಣಿ 1915ಕ್ಕೆ ಫೋನ್ ಮಾಡಬಹುದು. ನಾನು ದೂರು ಕೊಟ್ಟಿದ್ದೇನೆ.