400 ಮೀಟರ್ ದೂರದ ಕೊಟ್ಟಿಗೆಗೆ ಕರೆಂಟ್: ಸ್ಟೆಬಿಲೈಸರ್, ದಪ್ಪ ಕೇಬಲ್, ಟ್ರಾನ್ಸ್‌ಫಾರ್ಮರ್

ನಮ್ಮ ಮನೆ ರಸ್ತೆ ಪಕ್ಕ, ಕೊಟ್ಟಿಗೆ ತೆಂಗಿನ ತೋಟದ ಆ ತುದಿಗೆ. ನಡುವೆ 400 ಮೀಟರ್. ಅಷ್ಟು ದೂರಕ್ಕೆ 4 ಚದರ ಮಿಲಿಮೀಟರಿನ ಅಲ್ಯೂಮಿನಿಯಂ ಕೇಬಲ್ ಸಾಕು ಎಂದು ಹೂಳಿಸಿದ್ದು ನಾನೇ, ಬೈಯೋಣ ಅಂದರೆ ಬೇರೆ ಯಾರೂ ಸಿಗುವುದಿಲ್ಲ. ಬಲ್ಬ್ ಚೆನ್ನಾಗಿ ಉರಿಯುತ್ತಿತ್ತು. ಮೇವು ಕತ್ತರಿಸುವ 2 ಎಚ್‌ಪಿ ಮೋಟಾರ್ ಮಾತ್ರ ಗುಂಯ್ ಎಂದು ಅಲ್ಲೇ ನಿಂತುಬಿಡುತ್ತಿತ್ತು.

ಹೋಗುವ ತಂತಿ, ಬರುವ ತಂತಿ ಸೇರಿ 800 ಮೀಟರ್. ಸುಮಾರು 6 ಓಮ್ ತಡೆ. 10 ಆಂಪಿಯರ್ ಎಳೆದರೆ 60 ವೋಲ್ಟ್ ದಾರಿಯಲ್ಲೇ ಖರ್ಚು. ಮನೆಯಿಂದ 230 ಹೊರಟಿದ್ದು ಕೊಟ್ಟಿಗೆಗೆ 170 ಆಗಿ ಮುಟ್ಟುತ್ತದೆ.

ಎಲ್ಲರಂತೆ ನಾನೂ ಮೊದಲು ಸ್ಟೆಬಿಲೈಸರ್ ತಂದೆ. ದಂಡ. ಅದು ವೋಲ್ಟೇಜ್ ಎತ್ತಲು ಕೇಬಲ್ಲಿನಿಂದ ಇನ್ನೂ ಜಾಸ್ತಿ ಕರೆಂಟ್ ಎಳೆಯುತ್ತದೆ, ಆಗ ವೋಲ್ಟೇಜ್ ಇನ್ನೂ ಇಳಿಯುತ್ತದೆ. ಈಗ ಅದು ಮನೆಯ ಫ್ರಿಜ್ ಹಿಂದೆ ಇದೆ.

ದಪ್ಪ ಕೇಬಲ್ ಒಳ್ಳೆಯದೇ. 16 ಚದರ ಮಿಲಿಮೀಟರಿನದು ಹಾಕಿದರೆ 60 ವೋಲ್ಟ್ ನಷ್ಟ 15ಕ್ಕೆ ಇಳಿಯುತ್ತದೆ. ಚರಂಡಿ ಇನ್ನೂ ತೋಡದಿದ್ದರೆ ಕಣ್ಣು ಮುಚ್ಚಿ ಅದನ್ನೇ ತರುತ್ತಿದ್ದೆ. ಆದರೆ ತೆಂಗಿನ ಬೇರು, ಡ್ರಿಪ್ ಪೈಪು ಎಲ್ಲ ಕಡಿದುಕೊಂಡು ಮತ್ತೆ ತೋಡಿಸುವ ತಾಕತ್ತು ನನ್ನ ಜೇಬಿಗೆ ಇರಲಿಲ್ಲ.

ಹಾಗಾಗಿ ಟ್ರಾನ್ಸ್‌ಫಾರ್ಮರ್. ಮನೆಯಲ್ಲಿ 230ನ್ನು 460 ಮಾಡುವುದು, ಕೊಟ್ಟಿಗೆಯಲ್ಲಿ ಮತ್ತೆ ಅರ್ಧ ಮಾಡುವುದು. ವೋಲ್ಟೇಜ್ ಎರಡರಷ್ಟು, ಹಾಗಾಗಿ ಕೇಬಲ್ಲಿನಲ್ಲಿ ಹರಿಯುವುದು ಈಗ ಅರ್ಧ, 5 ಆಂಪಿಯರ್, ನಷ್ಟ 30 ವೋಲ್ಟ್. ಉಳಿದ 430ರಲ್ಲಿ ಅರ್ಧ, 215. ಮೋಟಾರ್ ಮೊದಲ ಸಲಕ್ಕೇ ತಿರುಗಿತು! ಕೇಬಲ್ 1100 ವೋಲ್ಟ್ ದರ್ಜೆಯದು, ಹಾಗಾಗಿ 460 ತಡೆಯುತ್ತದೋ ಎಂಬ ಚಿಂತೆ ಇಲ್ಲ.

ಇದರಲ್ಲೂ ಎರಡು ಬಗೆ. ಆಟೋ ಟ್ರಾನ್ಸ್‌ಫಾರ್ಮರ್ (ಒಂದೇ ಸುರುಳಿಯದು) ಅಗ್ಗ, ಹಗುರ. ಆದರೆ ಇಳಿಸುವ ಕಡೆ ಅದರ ಕೆಳಗಿನ ಸುತ್ತು ತುಂಡಾದರೆ 460 ವೋಲ್ಟ್ ಬಲ್ಬಿಗೆ ನುಗ್ಗಬಹುದು. ಅದಕ್ಕೇ ಮನೆಯ ಕಡೆ ಆಟೋ, ಕೊಟ್ಟಿಗೆಯ ಕಡೆ ಡಬಲ್ ವೈಂಡಿಂಗ್, ಅಂದರೆ ಒಂದಕ್ಕೊಂದು ತಾಗದ ಎರಡು ಸುರುಳಿಯದು.

ತಲೆ ತಿಂದಿದ್ದು ಅರ್ಥಿಂಗ್. ಡಬಲ್ ವೈಂಡಿಂಗಿನಿಂದ ಹೊರಡುವ 230ಕ್ಕೆ ಮನೆಯ ನ್ಯೂಟ್ರಲ್ ಜೊತೆ ಸಂಬಂಧವೇ ಇರುವುದಿಲ್ಲ. ಎರಡೂ ತಂತಿಯಲ್ಲಿ ಟೆಸ್ಟರ್ ಮಿಣಿಮಿಣಿ ಎಂದಿತು. 30 ಮಿಲಿಆಂಪಿಯರ್ ಆರ್‌ಸಿಸಿಬಿ (ಹೋದ ಕರೆಂಟಿಗೂ ವಾಪಸ್ ಬಂದ ಕರೆಂಟಿಗೂ ಲೆಕ್ಕ ತಪ್ಪಿದರೆ, ಅಂದರೆ ಸೋರಿದರೆ, ಬೀಳುವ ಸ್ವಿಚ್) ಹಾಕಿ ಟೆಸ್ಟ್ ಬಟನ್ ಒತ್ತಿದೆ, ಟಪ್ ಎಂದು ಬಿತ್ತು. ಸರಿಯಾಗಿದೆ ಅಂದುಕೊಂಡೆ.

ಎಲೆಕ್ಟ್ರಿಷಿಯನ್ ಹಳೇ ಜೀರೋ ಬಲ್ಬೊಂದನ್ನು ಒಂದು ತಂತಿಗೂ ಅರ್ಥ್‌ಗೂ ಹಿಡಿದ. ಉರಿಯಲೇ ಇಲ್ಲ. ಆಗ ಗೊತ್ತಾಯಿತು: ಟೆಸ್ಟ್ ಬಟನ್ ಒಳಗೊಳಗೇ ಫೇಸಿನಿಂದ ನ್ಯೂಟ್ರಲ್‌ಗೆ ಕರೆಂಟ್ ಹರಿಸಿ ನೋಡುತ್ತದೆ, ಅರ್ಥ್ ಇದೆಯಾ ಎಂದು ಕೇಳುವುದೇ ಇಲ್ಲ. ಒಂದು ತಂತಿ ಮೋಟಾರಿನ ಮೈಗೆ ತಾಗಿದರೂ ಏನೂ ಬೀಳುವುದಿಲ್ಲ. ಇನ್ನೊಂದೂ ಬೇರೆಲ್ಲೋ ತಾಗಿದ ದಿನ ಗ್ರಹಚಾರ.

ಅವನು ಬೋರ್ಡಿನ ಒಳಗೆ ಎರಡು ತಂತಿಯಲ್ಲಿ ಒಂದನ್ನು ನ್ಯೂಟ್ರಲ್ ಎಂದಿಟ್ಟುಕೊಂಡು ಅದನ್ನು ಅರ್ಥ್‌ಗೆ ಸೇರಿಸಿದ. ಈಗ ಬಲ್ಬ್ ಹಾಯಾಗಿ ಉರಿಯಿತು, ಆರ್‌ಸಿಸಿಬಿ ಬೀಳಲಿಲ್ಲ! ಜೀರೋ ಅಂದರೂ ಅದು ಸುಮಾರು 15 ವ್ಯಾಟ್, 65 ಮಿಲಿಆಂಪಿಯರ್. ಬೀಳಲೇಬೇಕಿತ್ತು. ಎರಡು ದಿನ ಆರ್‌ಸಿಸಿಬಿಯನ್ನೇ ಬೈದೆವು, ಹೊಸದನ್ನೂ ತಂದೆವು. ತಪ್ಪು ಅದರದ್ದಲ್ಲ. ಸೇರಿಸಿದ್ದು ಆರ್‌ಸಿಸಿಬಿ ದಾಟಿದ ಮೇಲೆ. ಸೋರಿದ ಕರೆಂಟ್ ಸುತ್ತಿ ಬಂದು ಅದರ ಮೂಲಕವೇ ವಾಪಸ್ ಹೋಗುತ್ತಿತ್ತು, ಅದರ ಲೆಕ್ಕ ಸರಿಹೋಗುತ್ತಿತ್ತು. ಸೇರಿಸುವ ತಂತಿಯನ್ನು ಟ್ರಾನ್ಸ್‌ಫಾರ್ಮರಿನ ಟರ್ಮಿನಲ್ಲಿಗೇ, ಅಂದರೆ ಆರ್‌ಸಿಸಿಬಿಗೆ ಮುಂಚೆ, ಹಾಕಿದೆವು. ಬಲ್ಬ್ ಹಿಡಿದ ತಕ್ಷಣ ಟಪ್. (ಈ ಬಲ್ಬಿನ ಆಟ ಸುಮ್ನೆ ನೀವೇ ಆಡಬೇಡಿ, ಗೊತ್ತಿರುವವರ ಕೈಲಿ ಮಾಡಿಸಿ.)

ಮೋಟಾರಿನ ಪಕ್ಕ ಬೇರೆ ರಾಡ್ ಹೊಡೆದು ಅಷ್ಟಕ್ಕೇ ಬಿಡಬಾರದು. ಮಣ್ಣಿನ ತಡೆ 40 ಓಮ್ ಇದ್ದರೆ ಹರಿಯುವುದು 6 ಆಂಪಿಯರೂ ಇಲ್ಲ, 16 ಆಂಪಿಯರಿನ ಎಂಸಿಬಿ (ಕರೆಂಟ್ ಮಿತಿ ಮೀರಿದರೆ ಬೀಳುವ ಸ್ವಿಚ್) ಅಲುಗುವುದಿಲ್ಲ. ಇದ್ದಿಲು, ಉಪ್ಪು ಹಾಕಿದ ಗುಂಡಿ ಇರಲಿ, ಬೇಸಿಗೆಯಲ್ಲಿ ನೀರೂ ಬಿಡಿ. ಆದರೆ ಮೋಟಾರಿನ ಮೈಯಿಂದ ತಾಮ್ರದ ತಂತಿ ನೇರವಾಗಿ ಟ್ರಾನ್ಸ್‌ಫಾರ್ಮರಿನ ಆ ಟರ್ಮಿನಲ್ಲಿಗೇ ಬರಬೇಕು.

ಟ್ರಾನ್ಸ್‌ಫಾರ್ಮರ್ ಹಾಕಿದ ಕ್ಷಣ ಎಂಸಿಬಿ ಬಿದ್ದರೆ, ಕ್ಷಣಕಾಲದ ಜಾಸ್ತಿ ಕರೆಂಟಿಗೆ ಬೇಗ ಬೀಳದ ಸಿ ಅಥವಾ ಡಿ ಬಗೆಯದು ಹಾಕಿಸಿ, 230ರ ಕಡೆಗೇ.

ಖಾಲಿ ಇದ್ದಾಗಲೂ ಎರಡೂ ಟ್ರಾನ್ಸ್‌ಫಾರ್ಮರ್ ಸ್ವಲ್ಪ ಕರೆಂಟ್ ತಿನ್ನುತ್ತವೆ. ನನಗಂತೂ ಬೆಳಿಗ್ಗೆ, ಸಂಜೆ ಹಾಲು ಕರೆಯುವ ಹೊತ್ತಿಗೆ ಮಾತ್ರ ಬೇಕು, ಆಮೇಲೆ ಮನೆಯಲ್ಲೇ ಸ್ವಿಚ್ ಆರಿಸುತ್ತೇನೆ. ಇಡೀ ದಿನ ಓಡಿಸುವವರಿಗೆ ದಪ್ಪ ಕೇಬಲ್ಲೇ ವಾಸಿಯೇನೋ. ಹಸು ಕಟ್ಟುವ ಕಬ್ಬಿಣದ ಪೈಪು, ನೀರಿನ ತೊಟ್ಟಿಯ ಚೌಕಟ್ಟು ಎರಡನ್ನೂ ಅದೇ ಅರ್ಥ್‌ಗೆ ಸೇರಿಸಿದ್ದೇವೆ. ನಮಗೆ ಗೊತ್ತೇ ಆಗದ ನಾಲ್ಕೈದು ವೋಲ್ಟ್ ಕೂಡ ಹಸುವಿಗೆ ತಿಳಿಯುತ್ತದೆ, ತೊಟ್ಟಿಗೆ ಬಾಯಿ ಹಾಕುವುದನ್ನೇ ಬಿಡಬಹುದು.