ಡಿಬೇಟ್ ಗದ್ದಲದಿಂದ ಸುಸ್ತಾದವರಿಗೆ ಸಿ-ಸ್ಪ್ಯಾನ್: ಒಬ್ಬ ಮತದಾರನ ರಿವ್ಯೂ

ಮೊದಲೇ ಹೇಳಿಬಿಡುತ್ತೇನೆ. ಅಮೆರಿಕದ ಅಧ್ಯಕ್ಷ ಚುನಾವಣೆಯ ಡಿಬೇಟ್ ನೋಡಬೇಕು, ಆದರೆ ಅದರ ಹಿಂದೆ ಮುಂದೆ ಬರುವ ಗದ್ದಲ ಬೇಡ ಅನ್ನುವವರಿಗೆ ಸಿ-ಸ್ಪ್ಯಾನ್ ಅನ್ನುವ ಟಿವಿ ವಾಹಿನಿಗಿಂತ ಒಳ್ಳೆಯ ಸೇವೆ ನನಗೆ ಸಿಕ್ಕಿಲ್ಲ. ಕೊರತೆಗಳಿವೆ, ಅವನ್ನೂ ಬರೆಯುತ್ತೇನೆ. ಆದರೂ 2024ರ ಪ್ರಚಾರದ ಕೊನೆಯ ತಿಂಗಳುಗಳನ್ನು ತಲೆ ಕೆಡಿಸಿಕೊಳ್ಳದೆ ದಾಟಿದ್ದು ಇದರಿಂದಲೇ.

ನಾನಿರುವುದು ಪೆನ್ಸಿಲ್ವೇನಿಯಾದಲ್ಲಿ. ಅಧ್ಯಕ್ಷರನ್ನು ಆರಿಸುವ ಎಲೆಕ್ಟೋರಲ್ ಮತಗಳಲ್ಲಿ 19 ಈ ರಾಜ್ಯದವು, ಯಾವ ಪಕ್ಷಕ್ಕೆ ವಾಲುತ್ತದೆ ಅಂತ ಮೊದಲೇ ಹೇಳಲಾಗದ ಸ್ವಿಂಗ್ ರಾಜ್ಯ. ಇಲ್ಲಿ ಚುನಾವಣೆ ಅಂದರೆ ಏನು ಅಂತ ಬೇರೆ ರಾಜ್ಯದವರಿಗೆ ಅಷ್ಟು ಸುಲಭವಾಗಿ ಅರ್ಥವಾಗುವುದಿಲ್ಲ. ಟಿವಿ ಹಾಕಿದರೆ ಪ್ರಚಾರದ ಜಾಹೀರಾತು, ಫೋನ್ ತೆಗೆದರೆ ದುಡ್ಡು ಕೇಳುವ ಮೆಸೇಜ್, ಅಂಚೆ ಡಬ್ಬಿ ತುಂಬಾ ಹೊಳೆಯುವ ಕಾಗದ, ಸಂಜೆ ಬಾಗಿಲು ತಟ್ಟುವ ಕಾರ್ಯಕರ್ತರು, ಅವರು ಹೋದ ಮೇಲೆ ಇನ್ನೊಂದು ಪಕ್ಷದವರು. ಸ್ಟಾಪ್ ಅಂತ ಉತ್ತರ ಕಳಿಸಿದರೆ ಆ ನಂಬರ್ ನಿಲ್ಲುತ್ತದೆ, ಬೇರೆ ನಂಬರಿನಿಂದ ಶುರುವಾಗುತ್ತದೆ. ಟ್ರಂಪ್ ತಮ್ಮ ಉಮೇದುವಾರಿಕೆ ಘೋಷಿಸಿದ್ದು 2022ರ ನವೆಂಬರ್ 15ರಂದು, ಮತದಾನ ನಡೆದದ್ದು 2024ರ ನವೆಂಬರ್ 5ರಂದು. ಹತ್ತಿರ ಹತ್ತಿರ ಎರಡು ವರ್ಷ. ಇಷ್ಟು ಉದ್ದದ ಪ್ರಚಾರವನ್ನು ಯಾರು ತಡೆದುಕೊಳ್ಳುತ್ತಾರೆ ಹೇಳಿ.

ಇದು ನನ್ನೊಬ್ಬನ ಗೋಳಲ್ಲ. ಅಮೆರಿಕದ ಜನಾಭಿಪ್ರಾಯ ಅಳೆಯುವ ಪ್ಯೂ ಸಂಸ್ಥೆ 2023ರಲ್ಲಿ ನಡೆಸಿದ ಸಮೀಕ್ಷೆಯಲ್ಲಿ, ರಾಜಕೀಯದ ಬಗ್ಗೆ ಯೋಚಿಸಿದಾಗ ಯಾವಾಗಲೂ ಅಥವಾ ಆಗಾಗ ಸುಸ್ತಾಗುತ್ತದೆ ಅಂದವರು 65%. ಭರವಸೆ ಮೂಡುತ್ತದೆ ಅಂದವರು 10% ಮಾತ್ರ. ಜನಕ್ಕೆ ರಾಜಕೀಯದಲ್ಲಿ ಆಸಕ್ತಿ ಇಲ್ಲ ಅಂತ ಇದನ್ನು ಓದುವವರಿದ್ದಾರೆ. ನನಗೆ ಹಾಗನಿಸುವುದಿಲ್ಲ. ಅಷ್ಟೆಲ್ಲ ಬೇಸತ್ತ ಮೇಲೂ 2024ರ ಸೆಪ್ಟೆಂಬರ್ 10ರ ಡಿಬೇಟ್ ನೋಡಲು 6.7 ಕೋಟಿ ಜನ ಕೂತಿದ್ದರು. ಆಸಕ್ತಿ ಇಲ್ಲದವರು ರಾತ್ರಿ 9 ಗಂಟೆಗೆ ಕೂತು 90 ನಿಮಿಷ ನೋಡುತ್ತಾರಾ? ಸುಸ್ತು ಮಾಡುವುದು ಡಿಬೇಟ್ ಅಲ್ಲ, ಅದರ ಸುತ್ತ ಸುತ್ತಿರುವ ಮಾತಿನ ಕಂತೆ ಅನ್ನುವುದು ನನ್ನ ಅಭಿಪ್ರಾಯ. ಶುರುವಾಗುವ ಮೊದಲು ಗಂಟೆಗಟ್ಟಲೆ ಯಾರು ಏನು ಹೇಳಬಹುದು ಎಂಬ ಊಹೆ. ಮುಗಿದ ಮರುಕ್ಷಣ ಯಾರು ಗೆದ್ದರು ಎಂಬ ತೀರ್ಪು. ಆಮೇಲೆ ಒಂದೇ ತುಣುಕು ವಾರಗಟ್ಟಲೆ.

ಸಿ-ಸ್ಪ್ಯಾನ್ ಈ ಕಂತೆಯನ್ನು ಬಿಚ್ಚಿ ಒಳಗಿರುವುದನ್ನಷ್ಟೇ ಕೊಡುತ್ತದೆ. 1979ರಲ್ಲಿ ಬ್ರಯನ್ ಲ್ಯಾಂಬ್ ಕಟ್ಟಿದ ಸಂಸ್ಥೆ ಇದು. ಸಂಸತ್ತಿನ ಕಲಾಪವನ್ನು ಇದ್ದಹಾಗೆ ತೋರಿಸಲು ಶುರುವಾದದ್ದು. ಸರ್ಕಾರದ ದುಡ್ಡಿಲ್ಲ. ಕೇಬಲ್ ಕಂಪನಿಗಳು ಪ್ರತಿ ಗ್ರಾಹಕನ ಲೆಕ್ಕದಲ್ಲಿ ತಿಂಗಳಿಗೆ ಸುಮಾರು 7 ಸೆಂಟ್ ಕೊಡುತ್ತವೆ, ಮುಖ್ಯವಾಗಿ ಅದರ ಮೇಲೆ ನಡೆಯುತ್ತದೆ. ಆ್ಯಂಕರ್‌ಗಳು ತಮ್ಮ ಅಭಿಪ್ರಾಯ ಹೇಳುವುದಿಲ್ಲ. ಪರದೆಯ ಕೆಳಗೆ ಓಡುವ ಕೆಂಪು ಪಟ್ಟಿ ಇಲ್ಲ, ಎದೆ ಬಡಿತ ಏರಿಸುವ ಸಂಗೀತ ಇಲ್ಲ, ಮೇಜಿನ ಸುತ್ತ ಕೂತು ಕೂಗಾಡುವವರಿಲ್ಲ. ಮೊದಮೊದಲು ಇದು ತುಂಬಾ ಸಪ್ಪೆ ಅನಿಸಬಹುದು. ಸ್ವಲ್ಪ ಹೊತ್ತು ಬಿಟ್ಟರೆ ಆ ಸಪ್ಪೆಯೇ ಹಿತವಾಗುತ್ತದೆ, ಯಾಕೆಂದರೆ ಅಭ್ಯರ್ಥಿ ಆಡಿದ ಮಾತು ಕಿವಿಗೆ ನೇರವಾಗಿ ಬೀಳುತ್ತದೆ.

ಇದರಿಂದ ಎಷ್ಟು ವ್ಯತ್ಯಾಸ ಆಗುತ್ತದೆ ಅನ್ನುವುದಕ್ಕೆ ಎರಡು ಡಿಬೇಟ್ ಸಾಕು.

2024ರ ಜೂನ್ 27ರ ಅಟ್ಲಾಂಟಾ ಡಿಬೇಟ್ ಎಲ್ಲರಿಗೂ ನೆನಪಿದೆ. 81 ವರ್ಷದ ಬೈಡನ್, 78 ವರ್ಷದ ಟ್ರಂಪ್, ಸಭಿಕರಿಲ್ಲದ ಸ್ಟುಡಿಯೋ, ಸರದಿ ಇಲ್ಲದವರ ಮೈಕ್ ಮ್ಯೂಟ್. ಮರುದಿನದಿಂದ ಎಲ್ಲ ಕಡೆ ಕಂಡದ್ದು ಬೈಡನ್ ಅವರ ಒಡೆದ ದನಿ, ಮಧ್ಯದಲ್ಲೇ ತುಂಡಾದ ವಾಕ್ಯ. ಅದು ದೊಡ್ಡ ಸುದ್ದಿಯೇ, ಸಂಶಯವಿಲ್ಲ. ಜುಲೈ 21ರಂದು ಅವರು ಕಣದಿಂದಲೇ ಹಿಂದೆ ಸರಿದರು. ಆದರೆ ಪೂರ್ತಿ 90 ನಿಮಿಷ ಕೂತು ನೋಡಿದವರಿಗೆ ಬೇರೆಯೂ ಕಂಡಿತು. ಮಕ್ಕಳ ಡೇಕೇರ್ ಖರ್ಚು ತಡೆಯಲಾಗದಷ್ಟು ಏರಿದೆ, ಏನು ಮಾಡುತ್ತೀರಿ ಅಂತ ಡಿಬೇಟ್ ನಡೆಸಿಕೊಟ್ಟ ಜೇಕ್ ಟ್ಯಾಪರ್ ಕೇಳಿದರು. ಅದಕ್ಕೆ ಮೀಸಲಾದ ಸಮಯದ ಬಹುಪಾಲನ್ನು ಇಬ್ಬರೂ ಒಬ್ಬರನ್ನೊಬ್ಬರು ಜರಿಯುವುದರಲ್ಲೇ ಕಳೆದರು. ವಯಸ್ಸಿನ ಬಗ್ಗೆ ಕೇಳಿದರೆ ಮಾತು ಗಾಲ್ಫ್ ಆಟದ ಕಡೆ ಹೋಯಿತು. ಚಿಕ್ಕ ಮಕ್ಕಳಿರುವ ತಂದೆ ತಾಯಿಗೆ ಆ ಡೇಕೇರ್ ಪ್ರಶ್ನೆಗಿಂತ ಮುಖ್ಯವಾದದ್ದು ಇನ್ನೇನಿತ್ತು? ನಾನು ನೋಡಿದ ತುಣುಕುಗಳಲ್ಲಿ ಅದರ ಸುಳಿವೂ ಇರಲಿಲ್ಲ.

ಸೆಪ್ಟೆಂಬರ್ 10ರದ್ದು ಫಿಲಡೆಲ್ಫಿಯಾದಲ್ಲಿ, ನ್ಯಾಷನಲ್ ಕಾನ್ಸ್ಟಿಟ್ಯೂಷನ್ ಸೆಂಟರ್‌ನಲ್ಲಿ ನಡೆಯಿತು. ಬೈಡನ್ ಬದಲಿಗೆ ಕಣಕ್ಕಿಳಿದ ಕಮಲಾ ಹ್ಯಾರಿಸ್ ವೇದಿಕೆ ದಾಟಿ ಹೋಗಿ ಟ್ರಂಪ್ ಕೈ ಕುಲುಕಿದ್ದು, ಒಹಾಯೋದ ಸ್ಪ್ರಿಂಗ್‌ಫೀಲ್ಡ್ ಊರಿನಲ್ಲಿ ವಲಸೆಗಾರರು ನಾಯಿ ಬೆಕ್ಕು ತಿನ್ನುತ್ತಿದ್ದಾರೆ ಅಂತ ಟ್ರಂಪ್ ಹೇಳಿದ್ದು, ಡಿಬೇಟ್ ನಡೆಸುತ್ತಿದ್ದ ಡೇವಿಡ್ ಮ್ಯೂರ್ ಅಲ್ಲೇ ತಿದ್ದಿದ್ದು, ಇವಿಷ್ಟೇ ಎಲ್ಲ ಕಡೆ ಓಡಿದವು. ಪೂರ್ತಿ ನೋಡಿದರೆ, ನಾಲ್ಕು ವರ್ಷದ ಹಿಂದಿಗಿಂತ ಜನರ ಸ್ಥಿತಿ ಈಗ ಚೆನ್ನಾಗಿದೆಯಾ ಎಂಬ ಮೊದಲ ಪ್ರಶ್ನೆಗೇ ಹ್ಯಾರಿಸ್ ನೇರ ಉತ್ತರ ಕೊಡಲಿಲ್ಲ. ಆರೋಗ್ಯ ವಿಮೆಗೆ ನಿಮ್ಮ ಯೋಜನೆ ಎಲ್ಲಿ ಅಂತ ಮ್ಯೂರ್ ಜೊತೆ ಡಿಬೇಟ್ ನಡೆಸುತ್ತಿದ್ದ ಲಿನ್ಸಿ ಡೇವಿಸ್ ಕೇಳಿದಾಗ, ಯೋಜನೆಯ ಕಲ್ಪನೆಗಳಿವೆ ಅನ್ನುವಷ್ಟಕ್ಕೇ ಟ್ರಂಪ್ ನಿಂತರು. ಇದೆಲ್ಲ ನನ್ನ ಕಣ್ಣಿಗೆ ಬಿದ್ದದ್ದು ಯಾರೂ ಪಕ್ಕದಲ್ಲಿ ಪಿಸುಗುಟ್ಟದೆ ಇದ್ದಾಗ.

ಇನ್ನು ಯಾರು ಗೆದ್ದರು ಎಂಬ ತೀರ್ಪಿನ ವಿಷಯ. ಜೂನ್ ಡಿಬೇಟ್ ನೋಡಿದವರ ನಡುವೆ ಸಿಎನ್‌ಎನ್ ಮಾಡಿದ ದಿಢೀರ್ ಸಮೀಕ್ಷೆಯಲ್ಲಿ ಟ್ರಂಪ್ ಗೆದ್ದರು ಅಂದವರು 67%. ಸೆಪ್ಟೆಂಬರ್‌ನಲ್ಲಿ ಹ್ಯಾರಿಸ್ ಗೆದ್ದರು ಅಂದವರು 63%. ನವೆಂಬರ್‌ನಲ್ಲಿ ಗೆದ್ದದ್ದು ಟ್ರಂಪ್, ಎಲೆಕ್ಟೋರಲ್ ಮತ 312ಕ್ಕೆ 226. 2016ರಲ್ಲಿ ಅದೇ ವಾಹಿನಿಯ ಸಮೀಕ್ಷೆ ಪ್ರಕಾರ ಮೂರೂ ಡಿಬೇಟ್ ಹಿಲರಿ ಕ್ಲಿಂಟನ್ ಅವರದ್ದಾಗಿತ್ತು, ಚುನಾವಣೆ ಮಾತ್ರ ಟ್ರಂಪ್ ಗೆದ್ದರು. 1984ರಲ್ಲಿ ರೇಗನ್ ಎದುರು ಮೊದಲ ಡಿಬೇಟ್‌ನಲ್ಲಿ ಮಾಂಡೇಲ್ ಮೇಲುಗೈ ಸಾಧಿಸಿದರು ಅಂತ ಎಲ್ಲರೂ ಒಪ್ಪಿದರು, ಆಮೇಲೆ ಅವರು 49 ರಾಜ್ಯಗಳಲ್ಲಿ ಸೋತರು. ಹೀಗಿರುವಾಗ ಆ ತೀರ್ಪು ಕೇಳಲು ರಾತ್ರಿ 12ರವರೆಗೆ ನಿದ್ದೆಗೆಡುವುದರಿಂದ ಮತದಾರನಿಗೆ ಏನು ಲಾಭ? ಡಿಬೇಟ್ ನಮಗೆ ಬೇಕಿರುವುದು ಅಭ್ಯರ್ಥಿಯನ್ನು ಅಳೆಯಲು. ಅಂಕ ಹಾಕುವವರ ಅಂಕಗಳನ್ನು ಲೆಕ್ಕ ಹಾಕಲು ಅಲ್ಲ.

ಸಿ-ಸ್ಪ್ಯಾನ್‌ನಲ್ಲಿ ಡಿಬೇಟ್ ಮುಗಿದ ಮೇಲೆ ಬರುವುದು ಜನರ ಫೋನ್ ಕರೆಗಳು. ನನಗೆ ಅತ್ಯಂತ ಇಷ್ಟದ ಭಾಗ ಇದೇ. ಡೆಮಾಕ್ರಟ್ ಬೆಂಬಲಿಗರಿಗೆ ಒಂದು ನಂಬರ್, ರಿಪಬ್ಲಿಕನ್ನರಿಗೆ ಒಂದು, ಯಾವ ಪಕ್ಷಕ್ಕೂ ಸೇರದವರಿಗೆ ಇನ್ನೊಂದು. ಬೆಳಗಿನ ವಾಷಿಂಗ್ಟನ್ ಜರ್ನಲ್ ಕಾರ್ಯಕ್ರಮದಲ್ಲೂ ಹೀಗೇ. ಒಮ್ಮೆ ಕರೆ ಮಾಡಿದವರು ಮತ್ತೆ ಮಾಡಲು 30 ದಿನ ಕಾಯಬೇಕು ಅನ್ನುವ ನಿಯಮ ಇಟ್ಟಿದ್ದಾರೆ, ಅದರಿಂದ ಹೊಸ ಹೊಸ ದನಿಗಳು ಬರುತ್ತವೆ. ಯಾವುದೋ ಸಣ್ಣ ಊರಿನಿಂದ ಒಬ್ಬರು ಕರೆ ಮಾಡಿ ಇಬ್ಬರೂ ನನಗೆ ಬೇಡ ಅನ್ನುತ್ತಾರೆ, ಇನ್ನೊಬ್ಬರು ಔಷಧಿ ಬೆಲೆ ಬಗ್ಗೆ ಒಂದು ಮಾತೂ ಬರಲಿಲ್ಲವಲ್ಲ ಅಂತ ನೊಂದುಕೊಳ್ಳುತ್ತಾರೆ. ಆ್ಯಂಕರ್ ವಾದಕ್ಕಿಳಿಯುವುದಿಲ್ಲ, ಕೇಳಿಸಿಕೊಂಡು ಮುಂದಿನ ಕರೆಗೆ ಹೋಗುತ್ತಾರೆ. ನನ್ನ ಪಕ್ಷಕ್ಕೆ ಎದುರಾಗಿ ನಿಂತವರೂ ನನ್ನಷ್ಟೇ ಸುಸ್ತಾಗಿದ್ದಾರೆ ಅಂತ ಗೊತ್ತಾದದ್ದು ಈ ಕರೆಗಳಿಂದಲೇ.

ಈಗ ಕೊರತೆಗಳು. ದೊಡ್ಡದು, ಸುಳ್ಳನ್ನು ಸುಳ್ಳು ಅಂತ ಹೇಳುವವರು ಇಲ್ಲಿಲ್ಲ. ಅಭ್ಯರ್ಥಿ ತಪ್ಪು ಅಂಕಿ ಕೊಟ್ಟರೆ ಅದು ಹಾಗೇ ಹೋಗುತ್ತದೆ. ಕರೆ ಮಾಡಿದವರು ಹೇಳುವ ಆಧಾರವಿಲ್ಲದ ಮಾತೂ ಎಷ್ಟೋ ಸಲ ಹಾಗೇ ಹೋಗುತ್ತದೆ, ಇದು ನನಗೆ ನಿಜಕ್ಕೂ ಕಿರಿಕಿರಿ. ಹಾಗಾಗಿ ಮರುದಿನ ಬೆಳಗ್ಗೆ ಫ್ಯಾಕ್ಟ್ ಚೆಕ್ ಒಂದನ್ನು ಓದಿಕೊಳ್ಳಲೇಬೇಕು. ಓದುವುದೇ ಒಳ್ಳೆಯದು ಅನ್ನುತ್ತೇನೆ, ಕಾಲು ಗಂಟೆಯ ಕೆಲಸ, ಯಾರೂ ಕೂಗುವುದಿಲ್ಲ.

ಎರಡನೆಯದು, ಸಿಗುವ ದಾರಿ ಸಲೀಸಾಗಿಲ್ಲ. ಕೇಬಲ್ ಇದ್ದವರಿಗೆ ತೊಂದರೆ ಇಲ್ಲ. ಕೇಬಲ್ ಬಿಟ್ಟವರಿಗೆ 2024ರಲ್ಲಿ ಇಂಟರ್ನೆಟ್ ಮೂಲಕ ಟಿವಿ ವಾಹಿನಿಗಳನ್ನು ಕೊಡುವ ಯೂಟ್ಯೂಬ್ ಟಿವಿಯಲ್ಲೂ ಹುಲು ಲೈವ್‌ನಲ್ಲೂ ಈ ವಾಹಿನಿ ಇರಲಿಲ್ಲ, 2025ರಲ್ಲಷ್ಟೇ ಒಪ್ಪಂದ ಆಯಿತು. ಜನ ಕೇಬಲ್ ಬಿಡುತ್ತಾ ಹೋದಂತೆ ಸಂಸ್ಥೆಯ ಆದಾಯವೂ ಇಳಿಯುತ್ತಿದೆ, ಅದು ನನಗೆ ಚಿಂತೆಯ ವಿಷಯ. ಸಿ-ಸ್ಪ್ಯಾನ್ ನೌ ಅನ್ನುವ ಆ್ಯಪ್ ಉಚಿತವಾಗಿದೆ, ಯೂಟ್ಯೂಬ್‌ನಲ್ಲೂ ಅವರ ಚಾನೆಲ್ ಇದೆ. ಮೂರನೆಯದು ಚಿಕ್ಕದು. ವಿಡಿಯೋ ಜೊತೆ ಸಿಗುವ ಪಠ್ಯ ಟಿವಿ ಕ್ಯಾಪ್ಷನ್‌ನಿಂದ ಎತ್ತಿದ್ದು, ತಪ್ಪುಗಳು ಜಾಸ್ತಿ. ಮಾತನ್ನು ಹುಡುಕಲು ಸಾಕು, ನಂಬಿ ಎತ್ತಿ ಬರೆಯಲು ಸಾಲದು.

ಒಂದು ಮಾತು ಸಿ-ಸ್ಪ್ಯಾನ್ ಬಗ್ಗೆ ಅಲ್ಲ, ಡಿಬೇಟ್ ನಡೆಸುವವರ ಬಗ್ಗೆ. 1988ರಿಂದ 2020ರವರೆಗೆ ಅಧ್ಯಕ್ಷೀಯ ಡಿಬೇಟ್ ಆಯೋಗ ಇವನ್ನು ನಡೆಸುತ್ತಿತ್ತು, ಮಧ್ಯದಲ್ಲಿ ಜಾಹೀರಾತು ಇರುತ್ತಿರಲಿಲ್ಲ. 2024ರಲ್ಲಿ ಎರಡೂ ಕಡೆಯವರು ಆಯೋಗವನ್ನು ಪಕ್ಕಕ್ಕಿಟ್ಟು ನೇರವಾಗಿ ವಾಹಿನಿಗಳ ಜೊತೆ ಮಾತಾಡಿಕೊಂಡರು. ಪರಿಣಾಮ, ಡಿಬೇಟ್ ನಡುವೆ ಬ್ರೇಕ್. ಅಧ್ಯಕ್ಷರನ್ನು ಆರಿಸುವ ಹೊತ್ತಿನಲ್ಲಿ ಇದು ಸರಿಯಲ್ಲ. ಮ್ಯೂಟ್ ಮಾಡುವ ಪದ್ಧತಿ ಮಾತ್ರ ಉಳಿಯಲಿ. 2020ರ ಸೆಪ್ಟೆಂಬರ್ 29ರಂದು ಕ್ಲೀವ್‌ಲ್ಯಾಂಡ್‌ನ ಟ್ರಂಪ್–ಬೈಡನ್ ಡಿಬೇಟ್‌ನಲ್ಲಿ ಒಬ್ಬರ ಮಾತಿಗೆ ಇನ್ನೊಬ್ಬರು ಅಡ್ಡಬಂದು ಏನೂ ಕೇಳಿಸದಂತೆ ಆಗಿತ್ತು, ಅಕ್ಟೋಬರ್ 22ರಂದು ನ್ಯಾಶ್‌ವಿಲ್‌ನಲ್ಲಿ ಮ್ಯೂಟ್ ಬಂದ ಮೇಲೆ ವಾಕ್ಯಗಳು ಪೂರ್ತಿಯಾದವು.

ನಾನು ಬಳಸುವ ಕ್ರಮ ಹೇಳುತ್ತೇನೆ, ಬೇಕಾದರೆ ನೀವೂ ಮಾಡಿ. ಡಿಬೇಟ್ ಶುರುವಾಗುವ ಹೊತ್ತಿಗೆ ಸರಿಯಾಗಿ ಹಾಕುವುದು, ಮೊದಲೇ ಅಲ್ಲ. ಫೋನ್ ಬೇರೆ ಕೋಣೆಯಲ್ಲಿ. ಕೈಯಲ್ಲಿ ಒಂದು ಕಾಗದ, ಅದರಲ್ಲಿ ನನ್ನ ಮನೆಗೆ ತಾಗುವ ಮೂರು ನಾಲ್ಕು ವಿಷಯ ಬರೆದಿರುತ್ತೇನೆ. ಯಾವುದಕ್ಕೆ ಉತ್ತರ ಬಂತು, ಯಾವುದಕ್ಕೆ ಬರಲಿಲ್ಲ ಅಂತ ಗುರುತು ಹಾಕುತ್ತೇನೆ. ಮುಗಿದ ಮೇಲೆ ಸ್ವಲ್ಪ ಹೊತ್ತು ಕರೆಗಳು, ಆಮೇಲೆ ಟಿವಿ ಬಂದ್. ಪೂರ್ತಿ ಕೂರಲು ಆಗದವರು ಮರುದಿನ ನೋಡಿದರೂ ನಷ್ಟವಿಲ್ಲ, ಮತ ಹಾಕಲು ಆಗ ಹೇಗೂ ಇನ್ನೂ ವಾರಗಳೇ ಇರುತ್ತವೆ.

ಬಿಡುವಿದ್ದಾಗ ಅವರ ವಿಡಿಯೋ ಸಂಗ್ರಹವನ್ನೂ ನೋಡಿ. ಎಲ್ಲ ಉಚಿತ, ಅಭ್ಯರ್ಥಿಯ ಹೆಸರು, ವರ್ಷ ಹಾಕಿ ಹುಡುಕಿದರೆ ಸಾಕು. 1960ರ ಸೆಪ್ಟೆಂಬರ್ 26ರ ಕೆನಡಿ–ನಿಕ್ಸನ್ ಡಿಬೇಟ್‌ನಿಂದ ಶುರುಮಾಡಿ. ಆ ವರ್ಷದ ಡಿಬೇಟ್‌ಗಳು ಮುಗಿದ ಮೇಲೆ 16 ವರ್ಷ ಅಧ್ಯಕ್ಷೀಯ ಡಿಬೇಟೇ ನಡೆಯಲಿಲ್ಲ, ಮುಂದಿನದು 1976ರ ಫೋರ್ಡ್–ಕಾರ್ಟರ್. ಅದರಲ್ಲಿ ಧ್ವನಿ ಕೆಟ್ಟು 27 ನಿಮಿಷ ಇಬ್ಬರೂ ತಮ್ಮ ತಮ್ಮ ಜಾಗದಲ್ಲಿ ನಿಂತೇ ಇದ್ದರು. 1980ರ ರೇಗನ್–ಕಾರ್ಟರ್ ಬಿಡಬೇಡಿ, ನಾಲ್ಕು ವರ್ಷದ ಹಿಂದಿಗಿಂತ ಚೆನ್ನಾಗಿದ್ದೀರಾ ಅನ್ನುವ ಪ್ರಶ್ನೆ ಹುಟ್ಟಿದ್ದು ಅಲ್ಲೇ. ಅದನ್ನು ನೋಡಿದ ಮೇಲೆ 2024ರ ಸೆಪ್ಟೆಂಬರ್ ಡಿಬೇಟ್‌ನ ಮೊದಲ ಐದು ನಿಮಿಷ ಮತ್ತೊಮ್ಮೆ ಹಾಕಿ.