ಪರಿಮಳದ ಕ್ರೀಮೋ, ಪರಿಮಳವಿಲ್ಲದ ಲೋಷನ್ನೋ, ಬರೀ ಎಣ್ಣೆಯೋ?

ಮೈಗೆ ಹಚ್ಚಲು ಈ ಮೂರರಲ್ಲಿ ಯಾವುದು ಒಳ್ಳೆಯದು ಎಂದು ಕೇಳಿದ್ದೀರಿ. ಮೊದಲು ಚರ್ಮದ ವಿಷಯ. ಡಬ್ಬಿಯ ಮೇಲೆ ‘ನೈಸರ್ಗಿಕ’ ಎಂದಿದ್ದರೂ ಸುಗಂಧ ತೈಲಗಳಲ್ಲಿರುವ ಲಿನಲೂಲ್, ಲಿಮೊನೀನ್ ಎಂಬ ಪರಿಮಳದ ರಾಸಾಯನಿಕಗಳು ಗಾಳಿ ತಾಗುತ್ತಾ ಹೋದಂತೆ ಅಲರ್ಜಿ ತರಬಲ್ಲವು. ‘ಪರ್ಫ್ಯೂಮ್’ ಎಂಬ ಒಂದೇ ಪದದ ಹಿಂದೆ ಹತ್ತಾರು ರಾಸಾಯನಿಕಗಳು ಅಡಗಿರಬಹುದು. ನನಗೆ ಇದೇ ದೊಡ್ಡ ಆತಂಕ. ಎಕ್ಸಿಮಾ (ತುರಿಕೆಯ ಚರ್ಮರೋಗ) ಇರುವವರಿಗೆ, ಮಕ್ಕಳಿಗೆ ಪರಿಮಳವಿಲ್ಲದ ಲೋಷನ್ನೇ ಕ್ಷೇಮ.

ಪ್ರಿಸರ್ವೇಟಿವ್ (ಕೆಡದಂತೆ ಕಾಯುವ ವಸ್ತು) ಬೇಡವೆನ್ನುವವರು ಗಮನಿಸಿ: ನೀರಿರುವ ಕ್ರೀಮಿನಲ್ಲಿ ಅದಿಲ್ಲದಿದ್ದರೆ ಬ್ಯಾಕ್ಟೀರಿಯಾ, ಬೂಷ್ಟು ಬೆಳೆಯುತ್ತವೆ. ಆದರೆ ಮಿಥೈಲ್‌ಐಸೋಥಯಾಜೋಲಿನೋನ್ ಎಂಬ ಪ್ರಿಸರ್ವೇಟಿವ್ ಇದ್ದರೆ ಬಿಟ್ಟುಬಿಡಿ. ಹಚ್ಚಿ ತೊಳೆಯದ ಉತ್ಪನ್ನಗಳಲ್ಲಿ ಐರೋಪ್ಯ ಒಕ್ಕೂಟ 2017ರಿಂದ ಅದನ್ನು ನಿಷೇಧಿಸಿದೆ.

ಬರೀ ಎಣ್ಣೆಯಲ್ಲಿ ನೀರಿಲ್ಲ, ಹಾಗಾಗಿ ಪ್ರಿಸರ್ವೇಟಿವ್ ಬೇಕಿಲ್ಲ. ಖರ್ಚೂ ಸಾಮಾನ್ಯವಾಗಿ ಕಡಿಮೆ. ಒಣಚರ್ಮಕ್ಕೆ ಸರಿ, ಮೊಡವೆಯ ಮುಖಕ್ಕೆ ಬೇಡ. ಪರಿಮಳ ಬೇಕೇಬೇಕೆನ್ನುವವರು, ಅಲರ್ಜಿಯಿಲ್ಲದಿದ್ದರೆ, ಚಿಕ್ಕ ಡಬ್ಬಿ ಕೊಂಡು ಬೇಗ ಮುಗಿಸಿ.